ಏಳನೇ ಬ್ಲೇಡಿನ ಎರಡು ಬೊಟ್ಟು

ಅಥವಾ ನೆಲಕ್ಕೆ ಹಾಸಿದ ದಿನಪತ್ರಿಕೆಯ ಮೇಲೆ ನಾಲ್ಕು ಸರ್ವರ್ ಬ್ಲೇಡುಗಳು ಸಾಲಾಗಿ ಮಲಗಿದ್ದದ್ದು ಆ ಆಯುಧಪೂಜೆಯ ಮರುವರ್ಷವೇ ಇರಬಹುದು. ಆ ಚಿತ್ರ ನನಗೆ ತುಂಬ ಸ್ಪಷ್ಟವಾಗಿ ಕಾಣುತ್ತದೆ. ಸ್ಪಷ್ಟವಾಗಿ ಕಾಣುವುದರಿಂದಲೇ ಅದರ ಮೇಲೆ ಅನುಮಾನ. ಪತ್ರಿಕೆಯ ಅಂಚು ಏಸಿ ಗಾಳಿಗೆ ಪಟಪಟ ಎನ್ನುತ್ತಿದೆ. ಅದರಲ್ಲಿ ಬಟ್ಟೆ ಅಂಗಡಿಯೊಂದರ ಹಬ್ಬದ ಜಾಹೀರಾತು. ನಾಲ್ಕೂ ಬ್ಲೇಡುಗಳು ಒಂದರ ಹಾಗೆ ಇನ್ನೊಂದು, ಮಾರುಕಟ್ಟೆಯಲ್ಲಿ ಒಂದೇ ಅಳತೆಯ ಮೀನು ಜೋಡಿಸಿಟ್ಟ ಹಾಗೆ. ಯಾರ ಕೈಯೂ ಕಾಣುವುದಿಲ್ಲ. ಕೈ ಕಂಡಿದ್ದರೆ ಯಾರದು ಎಂದು ತಿಳಿಯುತ್ತಿತ್ತು. ಯಾರದು ಎಂದು ತಿಳಿದಿದ್ದರೆ ಯಾವ ವರ್ಷ ಎಂದೂ ತಿಳಿಯುತ್ತಿತ್ತು.

ಆ ವರ್ಷದ್ದೇ ಆದರೆ ತಪ್ಪು ಬ್ಲೇಡುಗಳನ್ನು ಒರೆಸಿದವನದಾಗಿರಬಹುದು. ಮರುವರ್ಷದ್ದಾದರೆ ಆ ಹೊತ್ತಿಗೆ ಅವನು ಅಲ್ಲಿರಲೇ ಇಲ್ಲ. ಅವನ ಕೆಲಸ ಹೋಗಿತ್ತು, ಕೆಲಸದ ಜೊತೆ ಸಿಕ್ಕಿದ್ದ ಕೋಣೆಯೂ ಹೋಗಿತ್ತು. ಆಗ ತಪ್ಪು ಬಹುಶಃ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಬಚ್ಚಿಟ್ಟು ಓದುವವರನ್ನು ಕಾಯಿಸುವ ಆಟ ಈ ವಿಷಯದಲ್ಲಿ ನನಗೆ ಹೇಸಿಗೆ.

ಎರಡು ಸಾವಿರದ ಎಂಟೋ ಒಂಬತ್ತೋ. ಮಣಿಪಾಲದ ಗುಡ್ಡದ ಹಿಂಬದಿಯ ಇಳಿಜಾರಿನಲ್ಲಿ ಎರಡಂತಸ್ತಿನ ಒಂದು ಕಟ್ಟಡ. ಬೇರೆ ಬೇರೆ ಊರಿನ ಕಾಲೇಜುಗಳಿಂದ ಬರುವ ಅರ್ಜಿ, ಹಾಜರಿ, ಅಂಕಪಟ್ಟಿಗಳನ್ನು ಕಂಪ್ಯೂಟರಿಗೆ ಏರಿಸಿಕೊಡುವ ಸಣ್ಣ ಕಂಪನಿ. ಮಹಡಿಯ ಹಾಲಿನಲ್ಲಿ ಹನ್ನೆರಡು ಹೆಂಗಸರು ದಿನವಿಡೀ ಟೈಪ್ ಮಾಡುತ್ತಿದ್ದರು. ಕೆಳಗೆ ಯಂತ್ರದ ಕೋಣೆ. ಕೋಣೆಯ ಜವಾಬ್ದಾರಿ ನನ್ನದು. ಕಾಪುವಿನಿಂದ ಉಡುಪಿಗೆ ಒಂದು ಬಸ್ಸು, ಉಡುಪಿಯಿಂದ ಮಣಿಪಾಲಕ್ಕೆ ಇನ್ನೊಂದು. ಇಳಿಯುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿರುತ್ತಿತ್ತು. ಆ ಬೆವರಿನಲ್ಲೇ ಹದಿನೆಂಟು ಡಿಗ್ರಿಯ ಕೋಣೆಗೆ ಹೊಕ್ಕರೆ ಬೆನ್ನ ಮೇಲೆ ಒದ್ದೆ ಹಲ್ಲಿ ಕೂತ ಹಾಗೆ ಆಗುತ್ತಿತ್ತು. ಇವತ್ತಿಗೂ ಏಸಿ ಕೋಣೆಯ ಬಾಗಿಲು ತೆರೆದರೆ ಮೊದಲು ನೆನಪಾಗುವುದು ಆ ಹಲ್ಲಿ.

ಆ ವರ್ಷ ಕಂಪನಿ ಹೊಸ ಸರ್ವರುಗಳನ್ನು ತರಿಸಿತ್ತು. ದೊಡ್ಡ ಕಪಾಟಿನಂಥ ಒಂದು ಪೆಟ್ಟಿಗೆ, ಅದರಲ್ಲಿ ಹದಿನಾರು ಸ್ಲಾಟು, ಮೇಲೆ ಎಂಟು, ಕೆಳಗೆ ಎಂಟು. ಪ್ರತಿ ಸ್ಲಾಟಿನಲ್ಲಿ ದಪ್ಪ ಪುಸ್ತಕದಂತೆ ನಿಲ್ಲಿಸಿದ ಒಂದು ಸರ್ವರ್. ಇವಕ್ಕೇ ಬ್ಲೇಡು ಎನ್ನುವುದು. ಹೊರಗಿನಿಂದ ನೋಡಿದರೆ ಹದಿನಾರೂ ಒಂದೇ. ಒಂದರಿಂದ ಹದಿನಾರರವರೆಗಿನ ಸಂಖ್ಯೆ ಇದ್ದದ್ದು ಪೆಟ್ಟಿಗೆಯ ಮೇಲೆ, ಬ್ಲೇಡಿನ ಮೇಲಲ್ಲ. ಬ್ಲೇಡಿಗೆ ತನ್ನದೇ ಸೀರಿಯಲ್ ನಂಬರು ಉಂಟು, ಆದರೆ ಅದು ಮುಂಭಾಗದಲ್ಲಿ ಉಗುರಿನಿಂದ ಎಳೆದರೆ ಹೊರಬರುವ ಬೆರಳುದ್ದದ ಪಟ್ಟಿಯ ಮೇಲೆ.

ಏಳನೇ ಸ್ಲಾಟಿನ ಬ್ಲೇಡು ಮಾತ್ರ ಆಗಲೇ ಕೆಲಸದಲ್ಲಿತ್ತು. ಮಹಡಿಯ ಹೆಂಗಸರು ಟೈಪ್ ಮಾಡಿದ್ದೆಲ್ಲ ಬಂದು ಕೂರುತ್ತಿದ್ದದ್ದು ಅದರೊಳಗೆ. ಉಳಿದ ಹದಿನೈದಕ್ಕೆ ನಾನು ಹೈಪರ್‌ವೈಸರ್ ಹಾಕಬೇಕಿತ್ತು. ಒಂದೇ ಯಂತ್ರ ಹತ್ತು ಯಂತ್ರಗಳ ಹಾಗೆ ನಡೆದುಕೊಳ್ಳುವಂತೆ ಮಾಡುವ ತಂತ್ರಾಂಶ ಅದು. ಹಾಕುವಾಗ ಡಿಸ್ಕಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿ ಹೋಗುತ್ತದೆ.

ಅವನನ್ನು ನನಗೆ ಕೊಟ್ಟದ್ದು ಈ ಕೆಲಸಕ್ಕೆ. ಬಾಗಲಕೋಟೆ ಕಡೆಯವನು. ಮೊದಲು ನಿಟ್ಟೆಯಲ್ಲಿ ಹಾಸ್ಟೆಲು ಕಟ್ಟುವಲ್ಲಿ ಕಲ್ಲು ಹೊರುತ್ತಿದ್ದ. ಬೆನ್ನು ಹಿಡಿದುಕೊಂಡ ಮೇಲೆ ಯಾರೋ ಹೇಳಿ ನಮ್ಮಲ್ಲಿಗೆ ಬಂದಿದ್ದ. ಗುಡಿಸುವುದು, ಜನರೇಟರಿಗೆ ಡೀಸೆಲು ಹಾಕುವುದು, ನಾನು ಹೇಳಿದ್ದನ್ನು ಎತ್ತಿಕೊಡುವುದು. ಕೆಲಸದ ಜೊತೆಗೆ ಜನರೇಟರಿನ ಹಿಂದಿನ ಒಂದು ಕೋಣೆ ಸಿಕ್ಕಿತ್ತು. ಅಲ್ಲಿ ಅವನು, ಹೆಂಡತಿ, ಮಗಳು. ಮಗಳನ್ನು ಆ ಜೂನ್‌ನಲ್ಲಿ ಹತ್ತಿರದ ಕನ್ನಡ ಶಾಲೆಗೆ ಸೇರಿಸಿದ್ದರು. ಅದಕ್ಕೆ ಮೊದಲಿನ ಎರಡು ವರ್ಷ ಆ ಮಗು ಯಾವ ಶಾಲೆಯಲ್ಲೂ ಮೂರು ತಿಂಗಳಿಗಿಂತ ಹೆಚ್ಚು ಕೂತಿರಲಿಲ್ಲ. ಕಟ್ಟಡ ಮುಗಿದಲ್ಲಿಂದ ಎದ್ದು ಕಟ್ಟಡ ಶುರುವಾದಲ್ಲಿಗೆ ಹೋಗುವುದು ಅವರ ಬದುಕು. "ಮಾರ್ಚ್‌ತನ ಇಲ್ಲೇ ಇದ್ದ್ರ ಸಾಕ್ರಿ ಸರ, ಒಂದ್ ಕ್ಲಾಸ್ ಪೂರಾ ಆಗ್ತತಿ" ಎಂದು ಅವನು ಒಂದಲ್ಲ ಹತ್ತು ಸಲ ಹೇಳಿದ್ದ. ಅವನಿಗೆ ಬೇಕಾಗಿದ್ದದ್ದು ಇಷ್ಟೇ, ಮಾರ್ಚಿನವರೆಗೆ ಆ ಕೋಣೆ.

ನಾನು ಅವನನ್ನು ನೀನು ಎನ್ನುತ್ತಿದ್ದೆ. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವನು. ಈಗ ಇಲ್ಲಿ ಅವರು ಎಂದು ಬರೆದು ಸರಿಮಾಡಿಕೊಂಡರೆ ಇನ್ನೊಂದು ಸುಳ್ಳು ಆಗುತ್ತದೆ.

ಎಂಟನೆಯದರಿಂದ ಶುರು ಮಾಡಿ ಮೊದಲ ಮೂರು ಬ್ಲೇಡುಗಳಿಗೆ ಕೈಯಿಂದಲೇ ಹಾಕಿದೆವು. ಬ್ಲೇಡಿಗೆ ಸಿಡಿ ಹಾಕುವ ಬಾಯಿ ಇಲ್ಲ. ಹೊರಗಿನ ಡ್ರೈವೊಂದನ್ನು ಕೇಬಲಿನಿಂದ ಮುಂಭಾಗಕ್ಕೆ ಸಿಕ್ಕಿಸಿ, ಪರದೆ, ಕೀಬೋರ್ಡು ಜೋಡಿಸಿ, ಮುಂದೆ ನಿಂತು ಒಂದೊಂದು ಪ್ರಶ್ನೆಗೂ ಉತ್ತರ ಒತ್ತಬೇಕು. ಒಂದಕ್ಕೆ ಮುಕ್ಕಾಲು ಗಂಟೆ. ಡ್ರೈವು ಹಿಡಿದು ನಿಲ್ಲುತ್ತಿದ್ದವನು ಅವನು. ಮೂರನೆಯದಕ್ಕೆ ಬರುವಷ್ಟರಲ್ಲಿ, ಪರದೆಯ ಮೇಲಿನ ಒಂದು ಅಕ್ಷರವೂ ಓದಲು ಬಾರದವನು, ಕ್ರಮವನ್ನೆಲ್ಲ ಬಾಯಿಪಾಠ ಮಾಡಿದ್ದ.

"ಇಲ್ಲಿ ಮೂರು ಸಲ ಎಂಟರ್, ಆಮ್ಯಾಲ ಕೆಳಗಿನ ಬಾಣ, ಮತ್ತ ಎಂಟರ್. ಹಳದಿ ಬಂದ್ರ ಕೈ ಬಿಡೂದು. ಹೌದಲ್ರಿ ಸರ?"

ಹೌದು. ಆ ಡ್ರೈವನ್ನು ಅವನು ಪೆಟ್ಟಿಗಿ ಎನ್ನುತ್ತಿದ್ದ. ಕೆಲಸ ಮುಗಿದ ಮೇಲೆ ಹಳೇ ಟವೆಲಿನಲ್ಲಿ ಸುತ್ತಿಡುತ್ತಿದ್ದ. ಮಹಡಿಯ ಹೆಂಗಸರು ಅವನನ್ನು ಕಂಡರೆ, "ಏನು ಬ್ಲೇಡಿನವರೇ, ಇವತ್ತು ಎಷ್ಟು ಜನಕ್ಕೆ ಕ್ಷೌರ ಆಯ್ತು?" ಎನ್ನುತ್ತಿದ್ದರು. ಅವನು ನಾಚಿಕೊಂಡು, "ಮೂರು ಮಂದಿಗೆ ಆತ್ರಿ ಅಕ್ಕಾರ" ಎನ್ನುತ್ತಿದ್ದ.

ನನಗೆ ಆ ನಿಲ್ಲುವುದು, ಕಾಯುವುದು, ಅವನ ಉಸಿರು ನನ್ನ ಭುಜಕ್ಕೆ ತಾಗುವುದು ಯಾವುದೂ ಹಿಡಿಸಲಿಲ್ಲ. ಕುರ್ಚಿಯಿಂದ ಏಳದೆ ಎಲ್ಲ ಆಗಬೇಕು. ಅದಕ್ಕೆ ದಾರಿ ಇತ್ತು. ಪ್ರತಿ ಬ್ಲೇಡಿನ ಒಳಗೂ ಕಾವಲಿಗೆಂದು ಇನ್ನೊಂದು ಪುಟ್ಟ ಯಂತ್ರ ಇರುತ್ತದೆ. ಬ್ಲೇಡು ಮಲಗಿದ್ದರೂ ಅದು ಎಚ್ಚರವಾಗಿರುತ್ತದೆ. ಸಿಡಿಯಲ್ಲಿರುವುದನ್ನೆಲ್ಲ ಒಂದೇ ಫೈಲಾಗಿ ನೆಟ್‌ವರ್ಕಿನಲ್ಲಿ ಇಟ್ಟು, ‘ನಿನಗೆ ಸಿಡಿ ಹಾಕಿದ್ದೇನೆ’ ಎಂದು ಈ ಕಾವಲಿನದಕ್ಕೆ ಹೇಳಿದರೆ ಅದು ನಂಬುತ್ತದೆ. ‘ಈ ಒಂದು ಸಲ ಆ ಸಿಡಿಯಿಂದಲೇ ಏಳು’ ಎಂದರೆ ಬ್ಲೇಡು ಎದ್ದು, ಇಲ್ಲದ ಸಿಡಿಯನ್ನು ಓದಿ, ಉತ್ತರಗಳನ್ನೂ ನಾನು ಬರೆದಿಟ್ಟ ಫೈಲಿನಿಂದಲೇ ತೆಗೆದುಕೊಂಡು, ತನ್ನನ್ನು ತಾನೇ ಅಳಿಸಿಕೊಂಡು ಹೊಸದಾಗುತ್ತದೆ. ಇಷ್ಟನ್ನೂ ಹದಿನಾರು ಸ್ಲಾಟಿಗೆ ಸಾಲಾಗಿ ಹೇಳುವ ಸ್ಕ್ರಿಪ್ಟು ಬರೆದೆ. ಎರಡು ವಾರ ಹಿಡಿಯಿತು. ಆ ಎರಡು ವಾರದ ಖುಷಿ ನೆನೆದರೆ ಈಗ ಬಾಯಲ್ಲಿ ಹುಳಿ ನೀರು ಬರುತ್ತದೆ.

ಸ್ಕ್ರಿಪ್ಟು ಒಂದು ಪಟ್ಟಿ ನೋಡಿ ನಡೆಯುತ್ತಿತ್ತು. ಹದಿನಾರು ಸ್ಲಾಟಿಗೆ ಹದಿನಾರು ಸಾಲು. ಸಾಲಿನ ಮೊದಲಿಗೆ # ಗುರುತು ಇದ್ದರೆ ಆ ಸ್ಲಾಟನ್ನು ಬಿಟ್ಟು ಮುಂದೆ ಹೋಗುತ್ತದೆ. ಏಳನೇ ಸಾಲಿಗೆ ಈ ಗುರುತು ಇರಬೇಕು. ಇನ್ನೊಂದು ಮಾತು. ಕಾವಲಿನ ಯಂತ್ರದ ವಿಳಾಸವನ್ನು ಕೊಡುವುದು ಸ್ಲಾಟು. ಬ್ಲೇಡನ್ನು ಕಿತ್ತು ಬೇರೆ ಸ್ಲಾಟಿಗೆ ಹಾಕಿದರೆ ಅದಕ್ಕೆ ಅಲ್ಲಿನ ವಿಳಾಸ. ಏಳನೇ ಸ್ಲಾಟಿನಲ್ಲಿ ಯಾರಿದ್ದರೂ ನನ್ನ ಸ್ಕ್ರಿಪ್ಟಿಗೆ ಅದು ಏಳನೆಯದೇ.

ಹಬ್ಬಕ್ಕೆ ಮೊದಲು ಮ್ಯಾನೇಜರಿಗೆ ತೋರಿಸಿದೆ. ಕಾರ್ಕಳದ ಮನುಷ್ಯ, ದಿನಾ ಬೈಕಿನಲ್ಲಿ ಬಂದು ಮೊದಲ ಅರ್ಧ ಗಂಟೆ ಏಸಿಯ ಬಾಯಿಗೆ ಎದೆ ಕೊಟ್ಟು ನಿಲ್ಲುತ್ತಿದ್ದವರು. ಪರದೆಯ ಮೇಲೆ ಸಾಲುಗಳು ಸರಸರ ಓಡಿದ್ದು ನೋಡಿ ಮುಖ ಸಿಂಡರಿಸಿದರು.

"ಇದೆಲ್ಲ ಎಂತ ಮಾರಾಯ, ಹೊಳೆ ಹರಿದ ಹಾಗೆ? ನೋಡಿದವನಿಗೆ ತಲೆ ತಿರುಗ್ತದೆ. ಕೊನೆಗೆ ಆಯ್ತು ಅಂತ ಬಂದ್ರೆ ಸಾಕಲ್ವಾ?"

ಸಾಕು ಎಂದು ನನಗೂ ಅನಿಸಿತು. ಪ್ರತಿ ಸ್ಲಾಟಿಗೂ ಏನು ಮಾಡಿತು, ಯಾವುದನ್ನು ಬಿಟ್ಟಿತು ಎಂದು ಬರೆಯುವ ಸಾಲುಗಳನ್ನು ತೆಗೆದುಹಾಕಿದೆ. ಉಳಿದದ್ದು ಕೊನೆಯಲ್ಲಿ ಒಂದೇ ಮಾತು, ಮುಗಿಯಿತು ಎಂಬುದು. ಪರದೆ ಶುಭ್ರವಾಯಿತು.

ಆಯುಧಪೂಜೆಗೆ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ಆ ದಿನ ಯಾವ ಯಂತ್ರವೂ ದುಡಿಯಬಾರದು. ಬೈಕು, ಜನರೇಟರು, ಕ್ಸೆರಾಕ್ಸ್, ಮಹಡಿಯ ಕಂಪ್ಯೂಟರು ಎಲ್ಲ ತೊಳೆಸಿಕೊಂಡು, ಒರೆಸಿಕೊಂಡು, ಗಂಧ ಕುಂಕುಮ ಹಚ್ಚಿಸಿಕೊಂಡು ಸುಮ್ಮನೆ ಕೂರಬೇಕು. ಆ ವರ್ಷ ಬ್ಲೇಡುಗಳೂ ಸೇರಿದವು.

"ಪೆಟ್ಟಿಗೆ ಹೊರಗಿಂದ ಒರೆಸಿದ್ರೆ ಸಾಲ್ದು," ಎಂದರು ಮ್ಯಾನೇಜರು. "ಒಂದೊಂದೂ ಹೊರಗೆ ತೆಗ್ದು ಒರೆಸ್ಬೇಕು. ಒಳಗೆ ಧೂಳು ಇಟ್ಕೊಂಡು ಎಂತದ್ದು ಪೂಜೆ? ವರ್ಷಕ್ಕೊಮ್ಮೆ ಅವಕ್ಕೂ ಸ್ನಾನ ಬೇಡ್ವಾ?"

ನಾನು ಬೇಡ ಎನ್ನಬಹುದಿತ್ತು. ಎಲ್ಲವನ್ನೂ ಕ್ರಮವಾಗಿ ಬಂದ್ ಮಾಡಿ, ಅವನಿಗೆ ತೆಗೆಯುವುದು ಹೇಗೆ, ಹಾಕುವುದು ಹೇಗೆ ಎಂದು ತೋರಿಸಿದೆ. ಏಳನೆಯದನ್ನು ಬೆರಳಿಟ್ಟು ತೋರಿಸಿ, ಇದು ಮಹಡಿಯವರದ್ದು, ಇದರ ವಿಷಯದಲ್ಲಿ ಜಾಗ್ರತೆ ಎಂದೆ. ಆಮೇಲೆ ಹೊರಗೆ ಹೋದೆ. ಎಲ್ಲಿಗೆ ಹೋದೆ ಎಂಬುದು ನೆನಪಿಲ್ಲ. ಅವನು ಬ್ಲೇಡುಗಳನ್ನು ಒರೆಸಿದ್ದನ್ನು ನಾನು ನೋಡಲಿಲ್ಲ. ಅಥವಾ ನೋಡಿದೆ, ಮೊದಲು ಹೇಳಿದ ದಿನಪತ್ರಿಕೆ ಆಗ ನೋಡಿದ್ದು.

ಪೂಜೆಗೆ ಭಟ್ಟರು ಬಂದರು. ಕಲಶದ ನೀರು ಚಿಮುಕಿಸಲು ಕೈ ಎತ್ತಿದಾಗ ಮ್ಯಾನೇಜರು, "ಭಟ್ರೇ, ಸ್ವಲ್ಪ ಕೈ ಹಿಡಿದು" ಎಂದರು. "ಕರೆಂಟು ತೆಗ್ದದ್ದು ಅಲ್ವಾ, ಎಂತ ಆಗುದಿಲ್ಲ" ಎಂದು ಭಟ್ಟರು ಪೆಟ್ಟಿಗೆಗೆ ಧಾರಾಳವಾಗಿಯೇ ಚಿಮುಕಿಸಿದರು. ಮಹಡಿಯ ಹೆಂಗಸರ ಮೇಲ್ವಿಚಾರಕಿ ಉದ್ಯಾವರದ ಕ್ರಿಶ್ಚಿಯನ್ ಹೆಂಗಸು, ಐವತ್ತರ ಹತ್ತಿರದವರು. ಮನೆಯ ಮಲ್ಲಿಗೆ ಗಿಡದ್ದೇ ಮೊಗ್ಗು ಕಟ್ಟಿ ಎರಡು ಅಟ್ಟೆ ಮಾಲೆ ತಂದಿದ್ದರು. ಅವರೇ ಪೆಟ್ಟಿಗೆಗೆ ಮುಡಿಸಿದರು. ಬಾಗಿಲಲ್ಲಿ ಕುಂಬಳಕಾಯಿ ಒಡೆದರು. ಬಾಳೆಲೆಯಲ್ಲಿ ಹೊದಳು, ಬೆಲ್ಲ, ತೆಂಗಿನಕಾಯಿ. ಎಲ್ಲರೂ ಕೋಣೆಯೊಳಗೇ ನಿಂತು ತಿಂದರು.

ಮರುದಿನ ರಜೆ. ಅದರ ಮರುದಿನ ಬೆಳಿಗ್ಗೆ ಬಾಗಿಲು ತೆರೆದಾಗ ಬಂದ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ಎರಡು ದಿನದ ಮಲ್ಲಿಗೆ ಏಸಿಯ ತಂಪಿನಲ್ಲಿ ಬಾಡದೆ ಕೊಳೆತಿತ್ತು. ಬೆಲ್ಲದ ಅಂಟಿಗೆ ಇರುವೆ ಸಾಲು ಗೋಡೆಯಿಂದ ಇಳಿದು ಪೆಟ್ಟಿಗೆಯ ಬುಡದವರೆಗೆ ಬಂದಿತ್ತು. ಬ್ಲೇಡುಗಳ ಮುಖದ ಜಾಲರಿಯಲ್ಲಿ ಗಂಧ ಒಣಗಿ ಸಿಪ್ಪೆ ಎದ್ದಿತ್ತು, ಅದರ ಮೇಲೆ ಕುಂಕುಮ ಒದ್ದೆಯಾಗಿ ಇಳಿದಿತ್ತು. ಶುದ್ಧವಾದ ವಸ್ತುವೊಂದನ್ನು ಯಾರೋ ಎಂಜಲು ಮಾಡಿಟ್ಟ ಹಾಗೆ ಅನಿಸಿತು. ಶುದ್ಧ ಎಂಬ ಮಾತು ಆಗ ನನ್ನ ಮನಸ್ಸಿನಲ್ಲಿ ಬಂದದ್ದೇ, ಈಗ ಬರೆಯುವಾಗ ಸೇರಿಸಿದ್ದೇ? ಇರಲಿ. ಒದ್ದೆ ಬಟ್ಟೆ ತೆಗೆದುಕೊಂಡು ಹದಿನಾರು ಬ್ಲೇಡುಗಳ ಮುಖವನ್ನೂ ನಾನೇ ಉಜ್ಜಿ ಉಜ್ಜಿ ಒರೆಸಿದೆ. ಬಟ್ಟೆ ಕೆಂಪಾಯಿತು. ಹೂವನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆ ಎಸೆದೆ.

ಮಹಡಿಯಲ್ಲಿ ಟೈಪಿಂಗ್ ಶುರುವಾಯಿತು. ಹತ್ತು ಗಂಟೆಯ ಹೊತ್ತಿಗೆ ಸ್ಕ್ರಿಪ್ಟು ಓಡಿಸಿ ಹಿಂದಿನ ಕ್ಯಾಂಟೀನಿಗೆ ಹೋದೆ. ಕುರ್ಚಿಯಲ್ಲಿ ಕೂರುವ ಅಗತ್ಯವೂ ಇರಲಿಲ್ಲವಲ್ಲ. ಬಾಳೆಹಣ್ಣು ಕಲಸಿ ಕರಿದ ಬಿಸಿ ಬನ್ಸ್ ತೆಗೆದುಕೊಂಡೆ, ಎಣ್ಣೆ ಕೈಗೆ ಇಳಿಯುವಂಥದ್ದು. ಕ್ಯಾಂಟೀನು ಟೈಪಿಂಗ್ ಹಾಲಿನ ಕಿಟಕಿಯ ಕೆಳಗೇ ಇತ್ತು. ಹನ್ನೆರಡು ಕೀಬೋರ್ಡುಗಳ ಸದ್ದು ಮೇಲಿನಿಂದ ಹುರಿಗಡಲೆ ಸುರಿದ ಹಾಗೆ ಬರುತ್ತಿತ್ತು. ಎರಡನೇ ಬನ್ಸಿಗೆ ಬಾಯಿ ಹಾಕಿದ್ದೆ, ಸದ್ದು ನಿಂತಿತು. ಒಂದೊಂದಾಗಿ ಅಲ್ಲ, ಎಲ್ಲ ಒಟ್ಟಿಗೆ.

ಮೇಲ್ವಿಚಾರಕಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಓಯ್, ತಿಂದು ಆಯ್ತಾ? ನಮ್ಮದೆಲ್ಲ ನಿಂತು ಹೋಗಿ ಉಂಟು. ನೀವು ಎಂತ ಮಾಡಿದ್ದು?"

ನಾನು ಏನು ಮಾಡಿದೆ ಎಂಬುದು ಇಲ್ಲಿಂದ ಮುಂದೆ ಕ್ರಮವಾಗಿ ನೆನಪಾಗುವುದಿಲ್ಲ. ಕ್ರಮ ನಾನು ಈಗ ಕೊಡುತ್ತಿರುವುದು. ಕೋಣೆಗೆ ಓಡಿದೆ. ಪರದೆಯ ಮೇಲೆ ಮುಗಿಯಿತು ಎಂದಿತ್ತು. ಮಹಡಿಯವರ ಬ್ಲೇಡು ಅಳಿಸಿ ಹೋಗಿತ್ತು. ಎರಡೇ ರೀತಿಯಲ್ಲಿ ಹಾಗೆ ಆಗಬಹುದಿತ್ತು. ಪಟ್ಟಿಯಲ್ಲಿ ಏಳನೇ ಸಾಲಿಗೆ ನಾನು ಗುರುತು ಹಾಕಲು ಮರೆತಿರಬೇಕು. ಇಲ್ಲವೇ ಪೂಜೆಯ ದಿನ ಒರೆಸುವಾಗ ಏಳನೆಯದು ಬೇರೆ ಸ್ಲಾಟಿಗೆ ಹೋಗಿ, ಸ್ಕ್ರಿಪ್ಟು ಅಲ್ಲಿ ಅದನ್ನು ಹಿಡಿದಿರಬೇಕು.

ಮೊದಲು ಪಟ್ಟಿಯ ಫೈಲು ತೆರೆದೆ. ಮುಚ್ಚುವಾಗ ಏಳನೇ ಸಾಲಿಗೆ # ಇತ್ತು. ತೆರೆದಾಗ ಇತ್ತೇ? ಗೊತ್ತಿಲ್ಲ. ಶಿಫ್ಟ್ ಒತ್ತಿ 3ರ ಕೀಲಿ ಒತ್ತಿದ ನನ್ನ ಬೆರಳು ಕಾಣುತ್ತದೆ. ಕೀಲಿಯ ಮೇಲೆ ಎಣ್ಣೆಯ ಹೊಳಪು ಕಾಣುತ್ತದೆ. ಎಣ್ಣೆ ಬನ್ಸಿನದು ಎಂದರೆ ಆ ಬೆಳಿಗ್ಗೆಯೇ ಒತ್ತಿದ್ದು, ಎಲ್ಲ ಆದ ಮೇಲೆ. ಆದರೆ ಆ ಕ್ಯಾಂಟೀನಿನಲ್ಲಿ ಬನ್ಸ್ ನಾನು ವಾರಕ್ಕೆ ನಾಲ್ಕು ದಿನ ತಿನ್ನುತ್ತಿದ್ದೆ. ಹಬ್ಬಕ್ಕೆ ಮೊದಲಿನ ಯಾವುದೋ ದಿನದ ಎಣ್ಣೆ ಆಗಿರಬಹುದು. ಫೈಲನ್ನು ಕೊನೆಯ ಸಲ ತಿದ್ದಿದ್ದು ಯಾವಾಗ ಎಂದು ನೋಡಿದೆ. ಅದೇ ಬೆಳಿಗ್ಗೆ, ಎರಡು ನಿಮಿಷದ ಹಿಂದೆ. ಅದರಿಂದಲೂ ಏನೂ ಸಿಗಲಿಲ್ಲ. ತೆರೆದ ಫೈಲನ್ನು ಏನೂ ಬದಲಾಯಿಸದಿದ್ದರೂ ಸೇವ್ ಮಾಡಿಯೇ ಹೊರಬರುವುದು ನನ್ನ ಬೆರಳುಗಳ ಅಭ್ಯಾಸ.

ಅದಲುಬದಲಾಗಿದ್ದರೆ ಪಕ್ಕದ ಎಂಟನೆಯದರ ಜೊತೆಗೇ ಇರಬೇಕು ಅನಿಸಿತು, ಆದರೆ ಎಂಟನೆಯದಕ್ಕೆ ಮೊದಲೇ ಕೈಯಿಂದ ಹಾಕಿ ಆಗಿದ್ದರಿಂದ ಒಳಗಿದ್ದದ್ದು ನೋಡಿ ತಿಳಿಯುವಂತಿರಲಿಲ್ಲ. ಆಮೇಲೆ ಏಳು, ಎಂಟು ಎರಡೂ ಸ್ಲಾಟಿನ ಬ್ಲೇಡುಗಳನ್ನು ಎಳೆದು ಮೇಜಿನ ಮೇಲೆ ಇಟ್ಟೆ. ಪಟ್ಟಿ ಎಳೆದು ಸೀರಿಯಲ್ ನಂಬರು ಓದಿದೆ. ನನ್ನ ಹಳೇ ಕಾಗದದಲ್ಲಿ ಯಾವುದು ಎಲ್ಲಿ ಇರಬೇಕು ಎಂದು ಬರೆದಿತ್ತು. ಅದನ್ನು ನೋಡಿ ಎರಡನ್ನೂ ಇರಬೇಕಾದ ಸ್ಲಾಟಿಗೆ ಸರಿಯಾಗಿ ಹಾಕಿದೆ. ಹಾಕಿ ಆದ ಮೇಲೆ ಹೊಳೆಯಿತು, ಯಾವುದು ಎಲ್ಲಿಂದ ಬಂತು ಎಂದು ನೋಡಿಕೊಂಡಿರಲಿಲ್ಲ. ಮೇಜಿನ ಮೇಲೆ ಇಟ್ಟಾಗಲೇ ಎಡ ಯಾವುದು, ಬಲ ಯಾವುದು ಎಂಬುದು ಕಲಸಿಹೋಗಿತ್ತು. ಅಚ್ಚುಕಟ್ಟು ಮಾಡುವ ಚಟ. ಅದಕ್ಕಿಂತ ಹೊಲಸು ಚಟ ನನಗೆ ಇನ್ನೊಂದಿಲ್ಲ.

ಹೋದದ್ದು ಎರಡು ವಾರದ ಟೈಪಿಂಗ್. ಹಬ್ಬದ ಮೊದಲಿನ ಶನಿವಾರ ಬ್ಯಾಕಪ್ ತೆಗೆದಿರಲಿಲ್ಲ. ತೆಗೆಯಬೇಕಾಗಿದ್ದವನು ನಾನು. ಅದನ್ನು ಯಾರೂ ಕೇಳಲಿಲ್ಲ. ಕಾಗದದ ಅರ್ಜಿಗಳು ಇದ್ದವು, ಮತ್ತೆ ಟೈಪ್ ಮಾಡಿದರಾಯಿತು. ಹಾಗಾಗಿ ನಿಜವಾಗಿ ಯಾವ ಕಾಲೇಜಿಗೂ ಏನೂ ನಷ್ಟವಾಗಲಿಲ್ಲ.

ಮ್ಯಾನೇಜರು ಬಾಗಿಲು ಹಾಕಿಸಿ ನನ್ನನ್ನು ಕೂರಿಸಿದರು. "ಈಗ ಇದು ಹೇಗಾಯ್ತು?"

ಎರಡು ರೀತಿಯಲ್ಲಿ ಆಗಿರಬಹುದು ಎಂದೆ. ಯಾವುದು ಮೊದಲು ಹೇಳಿದೆ ಎಂಬುದು ಬಹಳ ಮುಖ್ಯವಾಗಿತ್ತು. ಪೂಜೆಯ ದಿನ ಬ್ಲೇಡು ಅದಲುಬದಲು ಆಗಿರಬಹುದು ಎಂಬುದನ್ನು ಮೊದಲು ಹೇಳಿದೆ. ಎರಡನೆಯದಕ್ಕೆ ಅವರು ಕಾಯಲಿಲ್ಲ. ನಾನೂ ಅವಸರ ಮಾಡಲಿಲ್ಲ.

"ಸತ್ತೆವು ಮಾರಾಯ," ಎಂದರು. "ಪೂಜೆ ಮಾಡ್ಸಿದ್ದು ನಾನು. ಪೂಜೆಯಿಂದ ಹೀಗಾಯ್ತು ಅಂತ ಮೇಲೆ ಗೊತ್ತಾದ್ರೆ ನನ್ನನ್ನು ಮನೆಗೆ ಕಳಿಸ್ತಾರೆ. ಕ್ಲೀನಿಂಗ್ ಮಾಡುವಾಗ ಅಂತ ಬರಿ. ಪೂಜೆ ಅಂತ ಶಬ್ದವೇ ಬೇಡ."

ನಾನು ವರದಿ ಬರೆದೆ. ‘ಸ್ವಚ್ಛಗೊಳಿಸುವ ವೇಳೆ ಸರ್ವರುಗಳ ಸ್ಥಾನ ಬದಲಾಗಿರುವ ಸಾಧ್ಯತೆ ಇದೆ.’ ಒಂದೇ ವಾಕ್ಯ, ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಪೂಜೆ ಮಾಯವಾಯಿತು, ಮಾಡಿಸಿದವರು ಮಾಯವಾದರು, ಸ್ಕ್ರಿಪ್ಟು ಮಾಯವಾಯಿತು. ಸ್ವಚ್ಛಗೊಳಿಸಿದವನೊಬ್ಬ ಉಳಿದ. ಆ ವಾಕ್ಯವನ್ನು ಇವತ್ತು ಓದಿಕೊಂಡರೂ ಭಾಷೆಯ ಮೇಲೆಯೇ ವಾಕರಿಕೆ ಬರುತ್ತದೆ.

ಮೇಲ್ವಿಚಾರಕಿ ಸಂಜೆ ಕೆಳಗೆ ಬಂದರು. ನಾನು ಗಂಭೀರವಾಗಿ ಏನೋ ಟೈಪ್ ಮಾಡುತ್ತಿದ್ದ ಹಾಗೆ ಕೂತಿದ್ದೆ.

"ನಿಮ್ಮ ಆಟೋಮೆಟಿಕ್‌ಗೆ ನಮ್ಮ ಬದ್ಲು ಟೈಪ್ ಮಾಡ್ಲಿಕ್ಕೆ ಬರ್ತದಾ ಕೇಳಿ. ನನ್ನ ಹೆಂಗಸರ ಬೆರಳು ಬಾತು ಹೋಗಿ ಉಂಟು." ಸ್ವಲ್ಪ ನಿಂತು, "ಅವನನ್ನು ತೆಗೀತಾರಂತೆ ಅಲ್ವಾ?" ಎಂದರು.

"ಮ್ಯಾನೇಜರು ನಿರ್ಧಾರ ಮಾಡುವುದು."

"ನಾನು ಹೂ ಕೊಡ್ಲಿಕ್ಕೆ ಬಂದಾಗ ಅವನ ಕೈಯಲ್ಲಿ ಒಂದೇ ಇದ್ದದ್ದು. ಮಗುವನ್ನು ಒರೆಸಿದ ಹಾಗೆ ಒರೆಸ್ತಾ ಇದ್ದ. ನಾನು ಹೋದ ಮೇಲೆ ಎಂತ ಮಾಡಿದ, ನಂಗೆ ಗೊತ್ತಿಲ್ಲ. ಸುಳ್ಳು ಹೇಳ್ಬಾರ್ದು." ಬಾಗಿಲ ಹತ್ತಿರ ಹೋಗಿ ತಿರುಗಿದರು. "ನಿಮ್ಮ ಪಟ್ಟಿ ಎಂತದೋ ಉಂಟಲ್ವಾ, ಅದು ಸರಿ ಇತ್ತಾ?"

"ಇದೆ," ಎಂದೆ. ಇತ್ತಾ ಎಂದು ಅವರು ಕೇಳಿದ್ದರು. ನಾನು ಇದೆ ಎಂದೆ.

ಮೂರನೇ ದಿನ ಅವನು ಬಂದ. ನಮ್ಮಲ್ಲಿಂದ ತೆಗೆದಿದ್ದರು, ಹಳೇ ಕಂಟ್ರಾಕ್ಟರು ಅವನನ್ನು ಎಲ್ಲಿಗೋ ಕಟ್ಟಡದ ಕೆಲಸಕ್ಕೆ ವಾಪಸು ಕರೆದಿದ್ದ. ಕೋಣೆ ಮಧ್ಯಾಹ್ನದೊಳಗೆ ಬಿಡಬೇಕು. ಟವೆಲು ಬಿಚ್ಚಿ ಡ್ರೈವನ್ನು ಮೇಜಿನ ಮೇಲೆ ಇಟ್ಟ.

"ಸರ, ನಿಮ್ಮ ಪೆಟ್ಟಿಗಿ."

"ಇಡು ಅಲ್ಲಿ."

"ಒಂದ್ ಮಾತ್ ಕೇಳ್ಲೇನ್ರಿ? ನಾ ಅದಲ್‌ಬದಲ್ ಮಾಡೀನಂತ ನಿಮಗ ಅನಸ್ತೈತೇನ್ರಿ?"

"ಗೊತ್ತಿಲ್ಲ," ಎಂದೆ. ಅದು ನಿಜವೇ ಆಗಿತ್ತು. ನಿಜವೊಂದು ಅಷ್ಟು ಸಲೀಸಾಗಿ ಕೈಗೆ ಸಿಕ್ಕಿ, ಸುಳ್ಳು ಮಾಡಬೇಕಾದ ಕೆಲಸವನ್ನೆಲ್ಲ ಅದೇ ಮಾಡಿಕೊಟ್ಟಿತು.

"ನಾ ಒಂದೊಂದ ತಗದೀನ್ರಿ. ತಗದು, ಒರಿಸಿ, ಬೊಟ್ಟ ಇಟ್ಟು, ಅದರ ಖಾನ್ಯಾಗ ಹಾಕಿ, ಆಮ್ಯಾಲ ಇನ್ನೊಂದಕ್ಕ ಕೈ ಹಚ್ಚೀನಿ. ಭಟ್ರು ಒಮ್ಮಿ ಕರದ್ರು, ಕುಂಬಳಕಾಯಿ ತಾ ಅಂತ. ಹೋಗಿ ಬಂದೆ. ಆಗ ಎಷ್ಟ್ ಹೊರಗಿದ್ವು ಅಂದ್ರ..." ಅವನು ನಿಂತು ಯೋಚಿಸಿದ. "ಒಂದ ಇತ್ತ್ರಿ. ಒಂದ ಇರಬೇಕು."

ನಾನು ಡ್ರೈವನ್ನು ಮೇಜಿನ ಒಂದು ಬದಿಗೆ ಸರಿಸಿದೆ.

"ಅದಿರ್ಲಿ. ಆ ಏಳನೇದು ಐತಲ್ರಿ, ಅಕ್ಕಾರು ಟೈಪ್ ಮಾಡೂದು, ಅದಕ್ಕ ಎರಡು ಬೊಟ್ಟ ಇಟ್ಟೀನಿ. ಉಳದವಕ್ಕೆಲ್ಲ ಒಂದ. ಜಾಗ್ರತಿ ಅಂತ ನೀವ ಹೇಳಿದ್ರಲ್ಲ, ಗುರ್ತಿರ್ಲಿ ಅಂತ. ಎರಡ್ ಬೊಟ್ಟಿಂದು ಯಾವ ಖಾನ್ಯಾಗ ಇತ್ತು ನೀವ ನೋಡಿರಬೇಕಲ್ರಿ? ಏಳರಾಗ ಇದ್ದ್ರ ನಂದೇನೂ ತಪ್ಪಿಲ್ಲ. ಎಂಟರಾಗ ಇದ್ದ್ರ ನಂದ ತಪ್ಪು. ಅಷ್ಟ ಹೇಳ್ರಿ, ನಾ ಹೊಕ್ಕೀನಿ."

ಸರ್ವರುಗಳ ಪೆಟ್ಟಿಗೆಯ ಕಡೆ ನೋಡಿದೆ. ಹದಿನಾರು ಮುಖ, ಎಲ್ಲ ಸ್ವಚ್ಛ, ಒಂದರಲ್ಲೂ ಕುಂಕುಮದ ಕಣ ಇಲ್ಲ. ಅವನೂ ನೋಡಿದ. ಯಾರು ಒರೆಸಿದ್ದು ಎಂದು ಕೇಳಲಿಲ್ಲ. ಆ ಕೋಣೆಯಲ್ಲಿ ಒರೆಸುವವನು ಅವನೊಬ್ಬನೇ ಎಂದು ಅವನಿಗೂ ಅಭ್ಯಾಸವಾಗಿತ್ತೇನೋ.

"ನಾನು ಗಮನಿಸಲಿಲ್ಲ," ಎಂದೆ.

"ಹೌದ್ರಿ," ಎಂದ. ಟವೆಲನ್ನು ಮಡಚಿ ಹೆಗಲಿಗೆ ಹಾಕಿಕೊಂಡು ಹೋದ. ಮಧ್ಯಾಹ್ನ ಊಟಕ್ಕೆ ಹೋಗುವಾಗ ಜನರೇಟರಿನ ಹಿಂದಿನ ಬಾಗಿಲು ತೆರೆದಿತ್ತು. ನೆಲ ಗುಡಿಸಿತ್ತು. ಮಗಳನ್ನು ಶಾಲೆಯಿಂದ ಅರ್ಧ ದಿನಕ್ಕೇ ಕರೆದುಕೊಂಡು ಹೋದರು ಎಂದು ಆಮೇಲೆ ಕ್ಯಾಂಟೀನಿನಲ್ಲಿ ಯಾರೋ ಹೇಳಿದರು. ಅದು ಅಕ್ಟೋಬರ್ ತಿಂಗಳು. ಮಾರ್ಚಿಗೆ ಇನ್ನೂ ಐದು ತಿಂಗಳು ಇತ್ತು.

ಸ್ಕ್ರಿಪ್ಟು ಆಮೇಲೆ ಬಹಳ ಚೆನ್ನಾಗಿ ಕೆಲಸ ಮಾಡಿತು. ನನ್ನನ್ನು ಹೊಗಳಿದರು. ಮರುವರ್ಷವೂ ಪೂಜೆ ಇತ್ತು, ಬೇರೆ ಯಾರೋ ಒರೆಸಿದರು. ಆಗ ಬ್ಲೇಡುಗಳನ್ನು ನಾಲ್ಕು ನಾಲ್ಕಾಗಿ ದಿನಪತ್ರಿಕೆಯ ಮೇಲೆ ಇಟ್ಟಿದ್ದರೇ? ಹಾಗೆ ಇಟ್ಟಿದ್ದರೆ ನಾನು ಬೈದಿರಬೇಕಲ್ಲ. ಬೈದ ನೆನಪಿಲ್ಲ. ಬೈಯಲು ನನಗೆ ಬಾಯಿ ಎಲ್ಲಿತ್ತು ಎಂದೂ ಅನಿಸುತ್ತದೆ.

ಒದ್ದೆ ಬಟ್ಟೆ ಹಿಡಿದ ಆ ಬೆಳಿಗ್ಗೆಗೆ ನಾನು ಎಷ್ಟೋ ಸಲ ಮರಳಿ ಹೋಗಿದ್ದೇನೆ. ಏಳನೆಯ ಸ್ಲಾಟಿನ ಮುಂದೆ ನಿಂತು ನೋಡುತ್ತೇನೆ, ಎರಡು ಬೊಟ್ಟು ಕಾಣುತ್ತವೆ. ಎಂಟನೆಯದರ ಮುಂದೆ ನಿಲ್ಲುತ್ತೇನೆ, ಅಲ್ಲೂ ಎರಡು ಕಾಣುತ್ತವೆ. ಎಲ್ಲಿ ಬೇಕೆಂದರೆ ಅಲ್ಲಿ ಇಡಬಹುದು. ಇಷ್ಟು ವಿಧೇಯವಾದ ನೆನಪನ್ನು ನಂಬುವುದು ಹೇಗೆ?

ಎರಡು ಬೊಟ್ಟಿನ ಬ್ಲೇಡು ಯಾವ ಸ್ಲಾಟಿನಲ್ಲಿತ್ತು ಎಂಬುದು ನನಗೆ ಗೊತ್ತಿಲ್ಲ. ಪಟ್ಟಿಯ ಏಳನೇ ಸಾಲಿಗೆ # ಗುರುತನ್ನು ನಾನು ಯಾವ ದಿನ ಹಾಕಿದೆ ಎಂಬುದೂ ಗೊತ್ತಿಲ್ಲ. ಆ ಮೂವರು ಮಣಿಪಾಲದಿಂದ ಎಲ್ಲಿಗೆ ಹೋದರು, ಆ ಮಗು ಆ ತರಗತಿ ಮುಗಿಸಿತೇ ಎಂಬುದು ಗೊತ್ತಿಲ್ಲ. ಕೇಳಿದ್ದರೆ ಕಂಟ್ರಾಕ್ಟರು ಹೇಳುತ್ತಿದ್ದನೋ ಏನೋ. ನಾನು ಕೇಳಲಿಲ್ಲ.